ತಿರುಗುವ ತಟ್ಟೆಯಿಂದ ತಿರುಗದ ಬಿಲ್ಲೆಗೆ

ನಾವು ಪಾಠ ಹೇಳುವ ಕಾಲೇಜಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಕಳೆದ ವರ್ಷ ಅಂತಿಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಯೋಗಕ್ಕಾಗಿ ಪಾಂಡವಪುರದ ಬಳಿಯ ಆಲೆಮನೆಯೊಂದನ್ನು ಆರಿಸಿಕೊಂಡಳು. ಕೊಪ್ಪರಿಗೆಗೆ ಹುಯ್ದ ಕಬ್ಬಿನ ಹಾಲು ಕುದಿದು ಪಾಕಕ್ಕೆ ಬರುವವರೆಗೆ ಅದರ ಉಷ್ಣತೆ ಯಾವ ರೀತಿ ಏರುತ್ತದೆ ಎಂಬುದನ್ನು ಅಳೆದು ನಕ್ಷೆ ಬರೆಯುವುದು ಅವಳ ಉದ್ದೇಶ. ಮೂರು ತಿಂಗಳ ಕಾಲ ಬಿಡುವಿದ್ದಾಗಲೆಲ್ಲ ಅಲ್ಲಿಗೆ ಹೋಗಿ ಅಂಕಿಗಳನ್ನು ಚೀಟಿಗಳ ಮೇಲೆ ಗುರುತು ಹಾಕಿಕೊಂಡು ಬಂದು, ನಮ್ಮ ಪ್ರಯೋಗಶಾಲೆಯ ಹಳೆಯ ಕಂಪ್ಯೂಟರೊಂದರಲ್ಲಿ ಸೇರಿಸಿ, ಚೀಟಿಗಳನ್ನು ಹರಿದು ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ವಿದ್ಯುತ್ತು ಹೋಯಿತು, ಬಂದಿತು, ಮತ್ತೆ ಹೋಯಿತು. ಕೊನೆಗೆ ವಿದ್ಯುತ್ತು ನಿಂತು ಬಂದಾಗ ಆ ಕಂಪ್ಯೂಟರು ಮಾತ್ರ ಏಳಲಿಲ್ಲ. ಪೆಟ್ಟಿಗೆಯ ಒಳಗಿನಿಂದ ‘ಟಕ್, ಟಕ್’ ಎಂದು ಸಣ್ಣ ಸದ್ದೊಂದು ಬರುತ್ತಿತ್ತು, ಅಷ್ಟೇ.

“ಸಾರ್, ಮೂರು ತಿಂಗಳ ಲೆಕ್ಕವೆಲ್ಲ ಅದರಲ್ಲೇ ಇತ್ತು” ಎಂದಳು ಹುಡುಗಿ.

“ಬೇರೆ ಎಲ್ಲಿಯೂ ಬರೆದಿಟ್ಟುಕೊಂಡಿಲ್ಲವೇನಮ್ಮ?”

“ಇಲ್ಲ ಸಾರ್.”

ಬರೆದಿಟ್ಟುಕೊಳ್ಳಬೇಕೆಂದು ನಾವೂ ಅವಳಿಗೆ ಮೊದಲೇ ಹೇಳಿರಲಿಲ್ಲ. ಆದುದರಿಂದ ತಪ್ಪಿನಲ್ಲಿ ನಮ್ಮ ಪಾಲೂ ಇತ್ತು. ಆ ಅಂಕಿಗಳು ಮರಳಿ ದೊರೆಯಲಿಲ್ಲ. ಆದರೆ ಅಂದು ನಮ್ಮೆದುರಿಗೆ ಎರಡು ಪ್ರಶ್ನೆಗಳು ಎದ್ದುವು. ಕೆಟ್ಟುಹೋದ ಈ ಹಾರ್ಡ್ ಡಿಸ್ಕಿನ ಜಾಗದಲ್ಲಿ ಏನನ್ನು ಕೂರಿಸಬೇಕು? ಚೀಟಿಗಳ ಕಾಟ ತಪ್ಪಿಸಲು ಆಲೆಮನೆಯಲ್ಲೇ ಅಂಕಿಗಳನ್ನು ತಾನಾಗಿ ಬರೆದುಕೊಳ್ಳುವ ಅಂಗೈಯಗಲದ ಕಂಪ್ಯೂಟರೊಂದನ್ನು ಇರಿಸುವುದಾದರೆ, ಅದರ ನೆನಪು ಯಾವ ಬಗೆಯದಾಗಿರಬೇಕು? ಎರಡಕ್ಕೂ ಅಂಗಡಿಯವನ ಉತ್ತರ ಒಂದೇ ಆಗಿತ್ತು: “ಫ್ಲ್ಯಾಷ್ ಹಾಕಿಸಿ ಸಾರ್.” ಉತ್ತರವೇನೋ ಸರಿಯೇ. ಆದರೆ ಏಕೆ ಸರಿ, ಎಲ್ಲಿಯವರೆಗೆ ಸರಿ ಎಂಬುದನ್ನು ತಿಳಿಯದೆ ಕೊಂಡರೆ ಒಂದು ಅಪಾಯವನ್ನು ಕಳೆದುಕೊಂಡು ಇನ್ನೊಂದನ್ನು ಮನೆಗೆ ತಂದಂತಾಗುತ್ತದೆ. ಆದುದರಿಂದ ವಿಷಯವನ್ನು ಬುಡದಿಂದ ನೋಡೋಣ.

ತಟ್ಟೆಯ ಕಥೆ

ಹಾರ್ಡ್ ಡಿಸ್ಕು ಎಂದರೆ ಗಟ್ಟಿಯಾದ ತಟ್ಟೆ. 1956ರಲ್ಲಿ ಐ.ಬಿ.ಎಂ. ಕಂಪನಿಯವರು ಇಂಥ ಮೊದಲನೆಯ ಯಂತ್ರವನ್ನು ಹೊರತಂದಾಗ ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು. ಇಡೀ ಯಂತ್ರ ಸುಮಾರು ಒಂದು ಟನ್ ತೂಗುತ್ತಿತ್ತು. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದು ಅಂಗೈ ಮೇಲಿನ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಟ್ಟು ಹಿಡಿಯುತ್ತದೆಯಾದರೂ ಕೆಲಸದ ತತ್ತ್ವ ಬದಲಾಗಿಲ್ಲ. ತಟ್ಟೆಯ ಮೇಲೆ ಕಾಂತೀಯ ವಸ್ತುವಿನ ತೆಳುವಾದ ಲೇಪನವಿರುತ್ತದೆ. ಲೇಪನದ ಒಂದೊಂದು ಸೂಕ್ಷ್ಮ ಭಾಗವೂ ಒಂದು ಪುಟ್ಟ ಅಯಸ್ಕಾಂತವಾಗಿ, ಅದು ಯಾವ ಕಡೆಗೆ ಮುಖಮಾಡಿದೆ ಎಂಬುದರಿಂದ ಸೊನ್ನೆಯನ್ನೋ ಒಂದನ್ನೋ ಸೂಚಿಸುತ್ತದೆ. ತಟ್ಟೆ ತಿರುಗುತ್ತಿರುವಾಗ ಒಂದು ತೋಳಿನ ತುದಿಯಲ್ಲಿರುವ ‘ತಲೆ’ ಅದರ ಮೇಲೆ ಅತ್ತಿತ್ತ ಸರಿದು ಓದುತ್ತದೆ, ಬರೆಯುತ್ತದೆ.

ಮೇಜಿನ ಮೇಲಿನ ಕಂಪ್ಯೂಟರಿನ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ತಟ್ಟೆಯ ವ್ಯಾಸ ಸುಮಾರು 9.5 ಸೆಂಟಿಮೀಟರು. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಪರಿಧಿಯನ್ನು 120ರಿಂದ ಗುಣಿಸಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 36 ಮೀಟರು ಎಂದಾಗುತ್ತದೆ. ಇದು ಗಂಟೆಗೆ ಸುಮಾರು 129 ಕಿಲೋಮೀಟರು. ಮೈಸೂರಿನ ರೈಲು ಶ್ರೀರಂಗಪಟ್ಟಣದ ಕಾವೇರಿ ಸೇತುವೆಯನ್ನು ದಾಟುವಾಗಲೂ ಇಷ್ಟು ವೇಗದಲ್ಲಿ ಹೋಗುವುದಿಲ್ಲ! ಇಷ್ಟು ವೇಗವಾಗಿ ಓಡುವ ಮೈಯ ಮೇಲೆ ತಲೆಯು ಗಾಳಿಯ ಪದರವೊಂದರ ಆಧಾರದಿಂದ ಕೆಲವೇ ನ್ಯಾನೋಮೀಟರು ಎತ್ತರದಲ್ಲಿ ತೇಲುತ್ತಿರುತ್ತದೆ. ನ್ಯಾನೋಮೀಟರು ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಅದರ ಹತ್ತಾರು ಸಾವಿರ ಪಟ್ಟು. ಆದುದರಿಂದಲೇ ಓಡುತ್ತಿರುವ ಡಿಸ್ಕಿಗೆ ಪೆಟ್ಟು ಬಿದ್ದರೆ ತಲೆ ತಟ್ಟೆಯನ್ನು ಕೆರೆದು, ಅಲ್ಲಿದ್ದ ಬರಹ ಲೇಪನದ ಸಮೇತ ಎದ್ದುಹೋಗುತ್ತದೆ.

ವಿದ್ಯುತ್ತು ಹಠಾತ್ತನೆ ನಿಂತಾಗ ತಲೆ ತಟ್ಟೆಯ ಮೇಲೆ ಬೀಳುವುದಿಲ್ಲವೆ? ಬೀಳದಂತೆ ಮಾಡಿರುವ ಉಪಾಯ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಸಂತೋಷ ಕೊಡತಕ್ಕದ್ದು. ಮೋಟಾರಿಗೂ ಡೈನಮೋಗೂ ಮೂಲದಲ್ಲಿ ಭೇದವಿಲ್ಲ ಎಂಬುದನ್ನು ನಾವು ಬಲ್ಲೆವು. ವಿದ್ಯುತ್ತು ನಿಂತ ಕ್ಷಣದಲ್ಲಿ ಇನ್ನೂ ತಿರುಗುತ್ತಿರುವ ತಟ್ಟೆಯ ಜಡತ್ವವೇ ಮೋಟಾರನ್ನು ಡೈನಮೋ ಆಗಿ ನಡೆಸಿ, ಅದರಿಂದ ಬಂದ ವಿದ್ಯುತ್ತು ತೋಳನ್ನು ಹಿಂದಕ್ಕೆಳೆದು ಸುರಕ್ಷಿತ ಸ್ಥಾನದಲ್ಲಿ ನಿಲ್ಲಿಸುತ್ತದೆ. ತನ್ನ ಕೊನೆಯುಸಿರಿನಿಂದಲೇ ತನ್ನನ್ನು ಕಾಪಾಡಿಕೊಳ್ಳುವ ಯಂತ್ರವಿದು. ಆದರೆ ಹಳೆಯದಾದ ಡಿಸ್ಕಿನಲ್ಲಿ, ವಿದ್ಯುತ್ತು ಮೇಲಿಂದ ಮೇಲೆ ಬಂದು ಹೋಗುವಾಗ, ಈ ಕಸರತ್ತು ಎಂದಾದರೊಮ್ಮೆ ತಪ್ಪುವುದುಂಟು. ನಾವು ಕೇಳಿದ ‘ಟಕ್, ಟಕ್’ ಸದ್ದು ತನ್ನ ದಾರಿಯ ಗುರುತನ್ನು ಕಾಣದ ತೋಳು ಮತ್ತೆ ಮತ್ತೆ ಹುಡುಕಿ ಹಿಂದಿರುಗುವ ಸದ್ದು.

ಡಿಸ್ಕಿನ ಇನ್ನೊಂದು ಕೊರತೆ ಅದರ ನಿಧಾನ. ಬೇಕಾದ ಜಾಗಕ್ಕೆ ತೋಳು ಸರಿಯಲು ಸರಾಸರಿ 9 ಮಿಲಿಸೆಕೆಂಡು. ಬೇಕಾದ ಭಾಗ ತಲೆಯ ಕೆಳಗೆ ಬರಲು ಅರ್ಧ ಸುತ್ತಿನಷ್ಟು, ಎಂದರೆ ಸುಮಾರು 4 ಮಿಲಿಸೆಕೆಂಡು. ಒಟ್ಟು 13. ಕಂಪ್ಯೂಟರು ಏಳುವಾಗ ಅಲ್ಲಲ್ಲಿ ಚದುರಿರುವ 10,000 ತುಣುಕುಗಳನ್ನು ಓದಬೇಕಾದರೆ ಅದಕ್ಕೇ 130 ಸೆಕೆಂಡು ಬೇಕು. ಫ್ಲ್ಯಾಷಿನಲ್ಲಿ ಒಂದು ತುಣುಕನ್ನು ತಲುಪಲು ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲು ಸಾಕು. ಅದೇ ಕೆಲಸ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ‘ಈ ಕಂಪ್ಯೂಟರು ಮುದಿಯಾಯಿತು, ಎಸೆಯಬೇಕು’ ಎಂದು ನಾವು ಅನ್ನುವಾಗ ಎಷ್ಟೋ ವೇಳೆ ಮುದಿಯಾದದ್ದು ಕಂಪ್ಯೂಟರಲ್ಲ, ಅದರ ತಟ್ಟೆ.

ಎಲೆಕ್ಟ್ರಾನುಗಳ ಸೆರೆಮನೆ

ಹಾಗಾದರೆ ಏನೂ ತಿರುಗದ, ಏನೂ ಸರಿಯದ ಬಿಲ್ಲೆಯೊಂದು ನೆನಪನ್ನು ಹೇಗೆ ಇಟ್ಟುಕೊಳ್ಳುತ್ತದೆ?

1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಡಾವನ್ ಕಾಂಗ್ ಮತ್ತು ಸೈಮನ್ ಸ್ಜೀ ಎಂಬ ವಿಜ್ಞಾನಿಗಳು ಒಂದು ವಿಚಿತ್ರವಾದ ಟ್ರಾನ್ಸಿಸ್ಟರನ್ನು ವರ್ಣಿಸಿದರು. ಅದರ ಒಳಗೆ ಸುತ್ತಲೂ ಅವಾಹಕದಿಂದ ಮುಚ್ಚಲ್ಪಟ್ಟ, ಯಾವ ತಂತಿಗೂ ಸೇರದ ಒಂದು ಸಣ್ಣ ಕೋಣೆಯಿರುತ್ತದೆ. ಯಾವುದಕ್ಕೂ ಅಂಟದೆ ನಿಂತಿರುವುದರಿಂದ ಅದಕ್ಕೆ ‘ತೇಲುವ ಗೇಟು’ ಎಂದು ಹೆಸರು. ಈ ಕೋಣೆಯೊಳಕ್ಕೆ ಎಲೆಕ್ಟ್ರಾನುಗಳನ್ನು ಕೂಡಿಹಾಕಿದರೆ ಅವುಗಳ ಋಣ ವಿದ್ಯುತ್ತು ಕೆಳಗಿನ ಅರೆವಾಹಕದಲ್ಲಿ ಪ್ರವಾಹ ಹರಿಯುವುದನ್ನು ತಡೆಯುತ್ತದೆ. ಕೋಣೆ ಬರಿದಾಗಿದ್ದರೆ ಪ್ರವಾಹ ಸರಾಗವಾಗಿ ಹರಿಯುತ್ತದೆ. ಹರಿಯಿತೇ ಇಲ್ಲವೇ ಎಂದು ನೋಡುವುದೇ ಓದುವುದು. ವಿದ್ಯುತ್ತು ಹೋದರೂ ಸೆರೆಯಾದ ಎಲೆಕ್ಟ್ರಾನುಗಳು ಸೆರೆಯಲ್ಲೇ ಇರುವುದರಿಂದ ನೆನಪು ಅಳಿಯುವುದಿಲ್ಲ.

ಸುತ್ತಲೂ ಗೋಡೆಯಿರುವ, ಬಾಗಿಲೇ ಇಲ್ಲದ ಕೋಣೆಗೆ ಎಲೆಕ್ಟ್ರಾನುಗಳು ಹೋಗುವುದೆಂತು? ಇಲ್ಲಿ ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಎಲೆಕ್ಟ್ರಾನು ಗೋಲಿಯಂತೆ ಬರಿಯ ಕಣವಲ್ಲ. ಅದಕ್ಕೆ ಅಲೆಯ ಸ್ವಭಾವವೂ ಉಂಟು. ಗೋಡೆ ಸಾಕಷ್ಟು ತೆಳುವಾಗಿದ್ದರೆ, ಅದನ್ನು ಹತ್ತಿ ದಾಟುವಷ್ಟು ಶಕ್ತಿಯಿಲ್ಲದ ಎಲೆಕ್ಟ್ರಾನು ಕೂಡ ಆಚೆ ಕಡೆ ಕಾಣಿಸಿಕೊಳ್ಳುವ ಸಂಭವವಿದೆ. ಇದಕ್ಕೆ ಸುರಂಗ ಪರಿಣಾಮವೆಂದು ಹೆಸರು. ಫ್ಲ್ಯಾಷಿನ ಕೋಣೆಯ ಗೋಡೆ ಸಿಲಿಕಾನ್ ಡೈ ಆಕ್ಸೈಡಿನದು. ದಪ್ಪ 10 ನ್ಯಾನೋಮೀಟರಿಗಿಂತ ಕಡಮೆ. ಬರೆಯುವಾಗ ಸುಮಾರು 20 ವೋಲ್ಟು ಹಾಕುತ್ತಾರೆ. ಇಷ್ಟು ತೆಳುವಾದ ಗೋಡೆಯ ಎರಡು ಕಡೆಗೂ ಇಷ್ಟು ವೋಲ್ಟು ಬಿದ್ದಾಗ ಅಲ್ಲಿಯ ವಿದ್ಯುತ್ ಕ್ಷೇತ್ರ ಮೀಟರಿಗೆ ನೂರು ಕೋಟಿ ವೋಲ್ಟಿನಷ್ಟಾಗುತ್ತದೆ. ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟು ಸಾಕೆಂಬುದನ್ನು ನೆನೆದರೆ ಈ ಕ್ಷೇತ್ರದ ತೀವ್ರತೆ ಮನಸ್ಸಿಗೆ ಬರುತ್ತದೆ. ಅದರ ಒತ್ತಡಕ್ಕೆ ಎಲೆಕ್ಟ್ರಾನುಗಳು ಗೋಡೆಯನ್ನು ನುಸುಳಿ ಒಳಹೋಗುತ್ತವೆ. ವೋಲ್ಟನ್ನು ತಿರುಗಿಸಿ ಹಾಕಿದರೆ ಹೊರಬರುತ್ತವೆ, ಇದೇ ಅಳಿಸುವುದು.

ಈ ತತ್ತ್ವದಿಂದ ಬಳಕೆಯ ವಸ್ತುವನ್ನು ಮಾಡಿದವರು ಜಪಾನಿನ ತೋಷಿಬಾ ಕಂಪನಿಯ ಫುಜಿಯೋ ಮಸುವೋಕ. ಒಂದೊಂದೇ ಕೋಣೆಯನ್ನು ಅಳಿಸುತ್ತ ಕೂರುವ ಬದಲು ಒಂದು ಗುಂಪನ್ನೇ ಒಮ್ಮೆಗೆ ಅಳಿಸಿದರೆ ರಚನೆ ಸರಳವಾಗಿ ಬೆಲೆ ಇಳಿಯುತ್ತದೆಂದು ಅವರು ಕಂಡುಕೊಂಡು 1984ರಲ್ಲಿ ಪ್ರಕಟಿಸಿದರು. ಹಾಗೆ ಒಮ್ಮೆಗೇ ಅಳಿಸುವುದನ್ನು ನೋಡಿ ಅವರ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಮಿಂಚುದೀಪ ನೆನಪಾದುದರಿಂದ ಅದಕ್ಕೆ ‘ಫ್ಲ್ಯಾಷ್’ ಎಂಬ ಹೆಸರು ನಿಂತಿತು. ಈಗಿನ ಬಿಲ್ಲೆಗಳಲ್ಲಿ ಇಂಥ ಕೋಣೆಗಳನ್ನು ನೂರಕ್ಕೂ ಹೆಚ್ಚು ಅಂತಸ್ತುಗಳಾಗಿ ಒಂದರ ಮೇಲೊಂದು ಕಟ್ಟುತ್ತಾರೆ.

ಓದಿದರೆ ಸವೆಯದು, ಬರೆದರೆ ಸವೆಯುವುದು

ಇಲ್ಲಿಯವರೆಗೆ ಫ್ಲ್ಯಾಷಿನ ಗುಣವನ್ನೇ ಹೇಳಿದೆವು. ಈಗ ಅದರ ದೋಷಕ್ಕೆ ಬರೋಣ. ಆ ತೆಳುಗೋಡೆಯನ್ನು ಎಲೆಕ್ಟ್ರಾನುಗಳು ನುಸುಳಿದಾಗಲೆಲ್ಲ ಗೋಡೆಗೆ ಕಿಂಚಿತ್ತು ಘಾಸಿಯಾಗುತ್ತದೆ. ಸಾವಿರಾರು ಸಲ ಬರೆದು ಅಳಿಸಿದ ಮೇಲೆ ಗೋಡೆ ಶಿಥಿಲವಾಗಿ ಸೆರೆಯಾಳುಗಳು ಸೋರಿಹೋಗಲಾರಂಭಿಸುತ್ತಾರೆ. ಓದುವುದರಿಂದ ಹೀಗೆ ಗೋಡೆ ಸವೆಯುವುದಿಲ್ಲ. ಸವೆತವೆಲ್ಲ ಬರೆದು ಅಳಿಸುವುದರಿಂದ. ಫ್ಲ್ಯಾಷನ್ನು ಆರಿಸುವವರು ಮೊದಲು ಮನಸ್ಸಿನಲ್ಲಿಡಬೇಕಾದ ಮಾತು ಇದು.

ಎಷ್ಟು ಸಲ ಬರೆಯಬಹುದು? ಒಂದು ಕೋಣೆ ‘ಖಾಲಿ’ ಅಥವಾ ‘ತುಂಬಿದೆ’ ಎಂಬ ಎರಡೇ ಸ್ಥಿತಿಗಳನ್ನು ತೋರಿದರೆ ಅದರಲ್ಲಿ ಒಂದು ಬಿಟ್ ಹಿಡಿಯುತ್ತದೆ. ಇಂಥದನ್ನು ಸುಮಾರು ಒಂದು ಲಕ್ಷ ಸಲ ಬರೆಯಬಹುದು. ಆದರೆ ಬೆಲೆ ಹೆಚ್ಚು. ಅದೇ ಕೋಣೆಯಲ್ಲಿ ಎಲೆಕ್ಟ್ರಾನುಗಳ ಮಟ್ಟವನ್ನು 4 ಹಂತಗಳಾಗಿ ಗುರುತಿಸಿದರೆ 2 ಬಿಟ್ಟು, 8 ಹಂತಗಳಾದರೆ 3 ಬಿಟ್ಟು, 16 ಹಂತಗಳಾದರೆ 4 ಬಿಟ್ಟು ಹಿಡಿಯುತ್ತವೆ. ಸೇರಿನ ಅಳತೆಯಲ್ಲಿ ಪಾವು, ಚಟಾಕುಗಳ ಗೆರೆ ಎಳೆದಂತೆ. ಗೆರೆಗಳು ಹೆಚ್ಚಾದಷ್ಟೂ ಸ್ವಲ್ಪ ಸೋರಿದರೂ ಅಳತೆ ತಪ್ಪುತ್ತದೆ. ಆದುದರಿಂದ ಇಂದು ಸಾಮಾನ್ಯವಾಗಿರುವ 3 ಬಿಟ್ಟಿನ ಕೋಣೆ ಬಾಳುವುದು ಒಂದರಿಂದ ಮೂರು ಸಾವಿರ ಬರಹಗಳವರೆಗೆ. 4 ಬಿಟ್ಟಿನದು ಸಾವಿರದ ಆಸುಪಾಸಿನಲ್ಲಿ. ಅಗ್ಗವಾಯಿತೆಂದು ಕೊಳ್ಳುವಾಗ ನಾವು ತೆರುವ ಇನ್ನೊಂದು ಬೆಲೆ ಇದೇ.

ಇದರ ಜೊತೆಗೆ ಇನ್ನೊಂದು ತೊಡಕು. ಫ್ಲ್ಯಾಷಿನಲ್ಲಿ ಬರೆಯುವುದು ಪುಟ ಪುಟವಾಗಿ, ಅಳಿಸುವುದು ಮಾತ್ರ ನೂರಾರು ಪುಟಗಳ ಒಂದು ‘ಬ್ಲಾಕ’ನ್ನು ಒಟ್ಟಿಗೆ. ಗದ್ದೆಯಲ್ಲಿ ಪೈರನ್ನು ಒಂದೊಂದಾಗಿ ನಾಟಿ ಮಾಡಬಹುದು. ಆದರೆ ಉಳಬೇಕಾದರೆ ಇಡೀ ಗದ್ದೆಯನ್ನೇ ಉಳಬೇಕಷ್ಟೆ. ಒಂದೇ ಗದ್ದೆಯನ್ನು ಮೇಲಿಂದ ಮೇಲೆ ಉತ್ತರೆ ಅದೊಂದೇ ಬೇಗ ಸತ್ತ್ವಗೆಡುತ್ತದೆ. ಆದುದರಿಂದ ಪ್ರತಿಯೊಂದು ಒಳ್ಳೆಯ ಫ್ಲ್ಯಾಷ್ ಸಾಧನದಲ್ಲಿಯೂ ಒಂದು ‘ನಿಯಂತ್ರಕ’ ಬಿಲ್ಲೆಯಿದ್ದು, ಬರಹವನ್ನು ಸರದಿಯ ಮೇಲೆ ಎಲ್ಲ ಬ್ಲಾಕುಗಳಿಗೂ ಸಮನಾಗಿ ಹಂಚುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ಬೊಂಬಾಯಿ ಪ್ರಾಂತದಲ್ಲಿ ಇಂಜಿನಿಯರಾಗಿದ್ದಾಗ, ನಾಲೆಯ ನೀರು ಕೆಲವೇ ಹೊಲಗಳ ಪಾಲಾಗದೆ ಹಲವು ಹಳ್ಳಿಗಳಿಗೆ ಸರದಿಯ ಬೆಳೆಯೊಂದಿಗೆ ಹಂಚಿಕೆಯಾಗಲೆಂದು ‘ಬ್ಲಾಕ್ ಪದ್ಧತಿ’ಯನ್ನು ಜಾರಿಗೆ ತಂದರು. ಅವರ ಹೆಸರಿನ ನಾಲೆಯ ನೀರನ್ನುಂಡು ಬೆಳೆದ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗೆ ನಿಯಂತ್ರಕದ ಕೆಲಸವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಹೋಲಿಕೆ ನಮಗೆ ತೋರದು. ಲಾಭವನ್ನು ಅವರು ಹಂಚಿದರು; ಸವೆತವನ್ನು ಇದು ಹಂಚುತ್ತದೆ.

ಒಂದು ಹಳೆಯ ಸ್ಪರ್ಧೆ

ತಟ್ಟೆ ಮತ್ತು ಬಿಲ್ಲೆಗಳ ಪೈಪೋಟಿ ಇಂದಿನದಲ್ಲ. 1994ರಲ್ಲಿ ಸ್ಯಾನ್‌ಡಿಸ್ಕ್ ಕಂಪನಿ ‘ಕಾಂಪ್ಯಾಕ್ಟ್ ಫ್ಲ್ಯಾಷ್’ ಎಂಬ ಕಾರ್ಡನ್ನು ಹೊರತಂದಿತು. ಅಗಲ ಸುಮಾರು 43 ಮಿಲಿಮೀಟರು, ಉದ್ದ 36, ದಪ್ಪ 3.3. ಅದರ ವಿಶೇಷವೆಂದರೆ ಅದು ಹಾರ್ಡ್ ಡಿಸ್ಕಿನ ಭಾಷೆಯನ್ನೇ ಆಡಬಲ್ಲದು. ಆ ಕಾಲದ ಕಂಪ್ಯೂಟರುಗಳು ಡಿಸ್ಕಿನೊಡನೆ ಮಾತಾಡುತ್ತಿದ್ದ ಐ.ಡಿ.ಇ. ಎಂಬ ಪದ್ಧತಿಯನ್ನು ಈ ಕಾರ್ಡೂ ಬಲ್ಲುದಾದುದರಿಂದ, ತಂತಿಗಳನ್ನು ಜೋಡಿಸುವ ಒಂದು ಸಣ್ಣ ಹಲಗೆಯನ್ನು ನಡುವೆ ಇಟ್ಟರೆ ಸಾಕು, ಎದುರಿಗಿರುವುದು ತಟ್ಟೆಯಲ್ಲವೆಂಬುದು ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. 1999ರಲ್ಲಿ ಐ.ಬಿ.ಎಂ. ಕಂಪನಿಯವರು ಇದಕ್ಕೆ ಉತ್ತರವಾಗಿ ಅದೇ ಕಾರ್ಡಿನ ಸ್ವಲ್ಪ ದಪ್ಪನೆಯ ಆಕಾರದೊಳಗೆ ಒಂದಂಗುಲದ ನಿಜವಾದ ತಟ್ಟೆಯನ್ನೇ ಹುದುಗಿಸಿದ ‘ಮೈಕ್ರೋಡ್ರೈವ್’ ಮಾಡಿದರು. ಆಗ ಅದರ ಅಳವು ಹೆಚ್ಚು, ಅಗ್ಗವೂ ಹೌದು. 2004ರ ಐಪಾಡ್ ಮಿನಿ ಎಂಬ ಸಂಗೀತದ ಪೆಟ್ಟಿಗೆಯಲ್ಲಿ ಇಂಥ ತಟ್ಟೆಯೇ ಇತ್ತು. ಆದರೆ ಮರುವರ್ಷವೇ ಅದರ ಜಾಗಕ್ಕೆ ಬಂದ ಐಪಾಡ್ ನ್ಯಾನೋದಲ್ಲಿ ಫ್ಲ್ಯಾಷ್ ಕುಳಿತಿತು. ಜೇಬಿನಲ್ಲಿ ಕುಲುಕಾಡುವ ಯಂತ್ರಕ್ಕೆ ತಿರುಗುವ ತಟ್ಟೆ ಹೊಂದದೆಂಬುದು ಇತ್ಯರ್ಥವಾಯಿತು.

ಈ ವಿವೇಕ ನಮ್ಮ ನಾಡಿನಲ್ಲಿ ಅದಕ್ಕೂ ಮೊದಲೇ ಕಾಣಿಸಿಕೊಂಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಎಂಬ ಕಂಪನಿಯ ಇಂಜಿನಿಯರುಗಳೂ ಕೂಡಿ, ಹಳ್ಳಿಯ ಜನ ಬಳಸಬಹುದಾದ ‘ಸಿಂಪ್ಯೂಟರ್’ ಎಂಬ ಕೈಗಣಕವನ್ನು ರೂಪಿಸಿ 2001ರಲ್ಲಿ ಅದರ ಮಾದರಿಯನ್ನು ಜನರ ಮುಂದಿಟ್ಟರು. ಅದರಲ್ಲಿ ಹಾರ್ಡ್ ಡಿಸ್ಕು ಇರಲಿಲ್ಲ, ನೆನಪೆಲ್ಲ ಫ್ಲ್ಯಾಷಿನಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವಂತೆ, ಅವರವರ ವಿಷಯವನ್ನು ಅವರವರ ಕಾರ್ಡಿನಲ್ಲೇ ಇಟ್ಟುಕೊಳ್ಳುವ ಏರ್ಪಾಡೂ ಇತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ಅದರ ಒಂದು ರೂಪ ಮಾರುಕಟ್ಟೆಗೆ ಬಂದಿತು. ಕರ್ನಾಟಕ ಸರ್ಕಾರವು ಭೂದಾಖಲೆಗಳ ಕೆಲಸಕ್ಕೆ ಅದನ್ನು ಪ್ರಾಯೋಗಿಕವಾಗಿ ಬಳಸಿತು. ನಿರೀಕ್ಷಿಸಿದಷ್ಟು ಮಾರಾಟವಾಗದೆ ಅದು ಮರೆಯಾಯಿತು, ನಿಜ. ಆದರೆ ಹೊಲದ ಬದುವಿನ ಮೇಲೆ ನಿಂತು ಬಳಸುವ ಯಂತ್ರದಲ್ಲಿ ತಿರುಗುವ ಭಾಗವಿರಬಾರದೆಂಬ ಅದರ ನಿರ್ಧಾರ ಸರಿಯಾಗಿತ್ತು. 2012ರಿಂದ ಮಾರಾಟವಾಗುತ್ತಿರುವ ‘ರಾಸ್ಪ್‌ಬೆರಿ ಪೈ’ ಎಂಬ ಅಂಗೈಯಗಲದ ಕಂಪ್ಯೂಟರೂ ಉಗುರಿನಷ್ಟಗಲದ ಫ್ಲ್ಯಾಷ್ ಕಾರ್ಡಿನಿಂದಲೇ ನಡೆಯುತ್ತದೆ.

ಆಯ್ಕೆ ಹೇಗೆ?

ಈಗ ನಮ್ಮ ಎರಡು ಪ್ರಶ್ನೆಗಳಿಗೆ ಹಿಂದಿರುಗೋಣ. ಮೊದಲನೆಯದು ಮೇಜಿನ ಮೇಲಿನ ಹಳೆಯ ಕಂಪ್ಯೂಟರು.

ಇದರಲ್ಲಿ ಮೊದಲು ನೋಡಬೇಕಾದದ್ದು ಬಾಯಿ ಹೊಂದುತ್ತದೆಯೇ ಎಂಬುದನ್ನು. 2005ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳಲ್ಲಿ ಅಗಲವಾದ ಪಟ್ಟಿಯಂಥ ತಂತಿಯಿರುತ್ತದೆ, ಅದು ಐ.ಡಿ.ಇ. ಅಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡನ್ನು ಮೇಲೆ ಹೇಳಿದ ಹಲಗೆಯ ಮೂಲಕ ಕೂರಿಸಬಹುದು. ಆದರೆ ಕೆಲವು ಕಾರ್ಡುಗಳು ತಮ್ಮನ್ನು ‘ತೆಗೆದು ಹಾಕುವ ಕಾರ್ಡು’ ಎಂದೇ ಪರಿಚಯಿಸಿಕೊಳ್ಳುತ್ತವೆ. ವಿಂಡೋಸ್ ಇಂಥವುಗಳ ಮೇಲೆ ನೆಲೆಗೊಳ್ಳಲು ತಕರಾರು ಮಾಡುವುದುಂಟು. ಕಾರ್ಖಾನೆಯ ಯಂತ್ರಗಳಿಗೆಂದು ಮಾಡಿದ, ‘ಸ್ಥಿರ ಡಿಸ್ಕು’ ಎಂದು ಹೇಳಿಕೊಳ್ಳುವ ಕಾರ್ಡು ಅಲ್ಲಿ ಬೇಕು. ಅನಂತರದ ಯಂತ್ರಗಳಲ್ಲಿರುವುದು ಕಿರಿದಾದ ‘ಸಾಟಾ’ ತಂತಿ. ಇದಕ್ಕೆ ಎರಡೂವರೆ ಅಂಗುಲದ ಎಸ್.ಎಸ್.ಡಿ. ಎಂಬ ಫ್ಲ್ಯಾಷ್ ಪೆಟ್ಟಿಗೆ ನೇರವಾಗಿ ಹೊಂದುತ್ತದೆ. ಇನ್ನೂ ಹೊಸ ಯಂತ್ರಗಳಲ್ಲಿ ‘ಎಂ.2’ ಎಂಬ ಸೀಳು ಇದ್ದು, 22 ಮಿಲಿಮೀಟರು ಅಗಲದ ಪಟ್ಟಿಯೊಂದು ಅದರಲ್ಲಿ ಕೂರುತ್ತದೆ. ಇಲ್ಲಿ ಎಚ್ಚರಿಕೆ ಬೇಕು. ನೋಟಕ್ಕೆ ಒಂದೇ ಬಗೆಯ ಪಟ್ಟಿಗಳಲ್ಲಿ ಕೆಲವು ಸಾಟಾ ಭಾಷೆಯವು, ಕೆಲವು ಎನ್.ವಿ.ಎಂ.ಇ. ಎಂಬ ವೇಗದ ಭಾಷೆಯವು. ಯಂತ್ರದ ಕೈಪಿಡಿಯನ್ನು ನೋಡದೆ ಕೊಂಡರೆ ಸೀಳಿನಲ್ಲಿ ಕುಳಿತೂ ಮಾತಾಡದೆ ಇರಬಹುದು.

ಎರಡನೆಯದು ಬಾಳಿಕೆ. ತಯಾರಕರು ತಮ್ಮ ಸಾಧನಕ್ಕೆ ಒಟ್ಟು ಎಷ್ಟು ಬರೆಯಬಹುದೆಂಬುದನ್ನು ಟೆರಾಬೈಟುಗಳಲ್ಲಿ ಸೂಚಿಸಿರುತ್ತಾರೆ. 250 ಗಿಗಾಬೈಟಿನ ಒಂದು ಎಸ್.ಎಸ್.ಡಿ.ಗೆ 150 ಟೆರಾಬೈಟು ಎಂದಿದೆಯೆನ್ನೋಣ. ನಮ್ಮ ಪ್ರಯೋಗಶಾಲೆಯ ಕಂಪ್ಯೂಟರು ದಿನಕ್ಕೆ 10 ಗಿಗಾಬೈಟು ಬರೆದರೂ ವರ್ಷಕ್ಕೆ ಆಗುವುದು 3.65 ಟೆರಾಬೈಟು. ಭಾಗಿಸಿದರೆ 41 ವರ್ಷ! ಅಷ್ಟರೊಳಗೆ ಕಂಪ್ಯೂಟರೇ ಉಳಿದಿರದು. ಆದುದರಿಂದ ಓದು ಬರಹದ ಸಾಮಾನ್ಯ ಕೆಲಸಕ್ಕೆ ಸವೆತದ ಭಯ ಬೇಕಿಲ್ಲ.

ಮೂರನೆಯದು ವಿದ್ಯುತ್ತಿನ ಉಳಿತಾಯ. ಮೂರೂವರೆ ಅಂಗುಲದ ಡಿಸ್ಕು ತಿರುಗುವಾಗ ಸುಮಾರು 6 ವ್ಯಾಟು, ತಿರುಗಲು ಆರಂಭಿಸುವ ಗಳಿಗೆಯಲ್ಲಿ 20 ವ್ಯಾಟಿಗೂ ಮಿಕ್ಕು ಬೇಡುತ್ತದೆ, ಎಸ್.ಎಸ್.ಡಿ. ಸುಮ್ಮನಿರುವಾಗ ಒಂದು ವ್ಯಾಟನ್ನೂ ಬೇಡುವುದಿಲ್ಲ. ಇಪ್ಪತ್ತು ಕಂಪ್ಯೂಟರುಗಳು ಒಂದೇ ಬ್ಯಾಟರಿಯ ಆಸರೆಯಲ್ಲಿರುವ ಕಡೆ ನೂರು ವ್ಯಾಟಿನಷ್ಟು ಭಾರ ಇಳಿಯುತ್ತದೆ.

ಇನ್ನು ಆಲೆಮನೆಯ ಪುಟ್ಟ ಕಂಪ್ಯೂಟರು. ಅಲ್ಲಿ ಗಾಣದ ಅದುರು, ಒಲೆಯ ಬೂದಿ, ಕೊಪ್ಪರಿಗೆಯ ಹಬೆ. ತಿರುಗುವ ತಟ್ಟೆಗೆ ಅದು ಜಾಗವೇ ಅಲ್ಲ. ಫ್ಲ್ಯಾಷ್ ಕಾರ್ಡೇ ಗತಿ. ಆದರೆ ಇಲ್ಲಿ ಸವೆತದ ಲೆಕ್ಕ ಬೇರೆ. ಉಷ್ಣತೆಯನ್ನು ಸೆಕೆಂಡಿಗೊಮ್ಮೆ 100 ಬೈಟುಗಳ ಒಂದು ಸಾಲಾಗಿ ಬರೆದರೆ ದಿನಕ್ಕೆ 86,400 ಸಾಲು. ಒಟ್ಟು ಸುಮಾರು 8.6 ಮೆಗಾಬೈಟು. ಇಷ್ಟೇ ತಾನೆ ಎನ್ನಬೇಡಿ. ಫ್ಲ್ಯಾಷಿನಲ್ಲಿ ಒಂದು ಪುಟಕ್ಕಿಂತ ಕಡಮೆ ಬರೆಯುವಂತಿಲ್ಲ. ಪುಟ 16 ಕಿಲೋಬೈಟಿನದಾದರೆ ಪ್ರತಿಯೊಂದು ಸಾಲಿಗೂ ಒಂದೊಂದು ಪುಟ ಖರ್ಚಾಗಿ ದಿನಕ್ಕೆ ಸುಮಾರು 1.4 ಗಿಗಾಬೈಟಿನಷ್ಟು ಸವೆತ. ಒಂದು ಪೈಸೆಯ ಕೆಲಸಕ್ಕೆ ಒಂದೂವರೆ ರೂಪಾಯಿ ವೆಚ್ಚ! ಅಗ್ಗದ ಕಾರ್ಡಿನ ನಿಯಂತ್ರಕ ಸವೆತವನ್ನು ಚೆನ್ನಾಗಿ ಹಂಚುವುದೂ ಇಲ್ಲ. ಪರಿಹಾರ ಸುಲಭ. ಒಂದು ನಿಮಿಷದ 60 ಸಾಲುಗಳನ್ನು ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿ ಕೂಡಿಟ್ಟು ಒಟ್ಟಿಗೆ ಬರೆದರೆ ಅವೆಲ್ಲ ಒಂದೇ ಪುಟದಲ್ಲಿ ಹಿಡಿದು ಸವೆತ ಅರುವತ್ತರಲ್ಲಿ ಒಂದು ಪಾಲಿಗಿಳಿಯುತ್ತದೆ. ವಿದ್ಯುತ್ತು ಹೋದರೆ ನಷ್ಟವಾಗುವುದು ಕೊನೆಯ ಒಂದು ನಿಮಿಷದ ಲೆಕ್ಕ ಮಾತ್ರ. ಕಾರ್ಡನ್ನು ಆರಿಸುವಾಗ ಕಾವಲು ಕ್ಯಾಮೆರಾಗಳಿಗೆಂದೇ ಮಾಡಿದ ಹೆಚ್ಚು ಬಾಳಿಕೆಯ ಕಾರ್ಡನ್ನು ಆರಿಸುವುದು ಮೇಲು.

ಕಾರ್ಡು ಕೊಳ್ಳಲು ಹೋದಾಗ ಒಂದೆಡೆ ನಮಗೆ ಬಲು ಅಗ್ಗದಲ್ಲಿ ಎರಡು ಟೆರಾಬೈಟಿನ ಕಾರ್ಡನ್ನು ತೋರಿಸಿದರು. ಇಂಥವುಗಳಲ್ಲಿ ಮೋಸವುಂಟು. ಒಳಗೆ 16 ಗಿಗಾಬೈಟಿನ ಬಿಲ್ಲೆಯಿದ್ದು, ನಿಯಂತ್ರಕ ಮಾತ್ರ ದೊಡ್ಡ ಅಂಕಿಯನ್ನು ಸುಳ್ಳಾಗಿ ಹೇಳುತ್ತಿರುತ್ತದೆ. ಹದಿನಾರು ತುಂಬುವವರೆಗೆ ಎಲ್ಲವೂ ಸರಿ. ಮುಂದೆ ಬರೆದದ್ದು ಮಾಯ, ಇಲ್ಲವೆ ಹಳೆಯದರ ಮೇಲೆ ಹೊಸದು. ಹೊಸ ಕಾರ್ಡನ್ನು ಪೂರ್ತಿ ತುಂಬಿಸಿ, ತುಂಬಿದ್ದನ್ನು ಮರಳಿ ಓದಿ ತಾಳೆ ನೋಡುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಒಂದು ರಾತ್ರಿಯ ಕೆಲಸ. ಆದರೆ ಮೂರು ತಿಂಗಳ ಶ್ರಮವನ್ನು ಒಪ್ಪಿಸುವ ಮುನ್ನ ಇಷ್ಟು ಪರೀಕ್ಷೆ ಅಗತ್ಯ.

ಕಲ್ಲು, ಓಲೆ, ಬಿಲ್ಲೆ

ಇಷ್ಟೆಲ್ಲ ಆದಮೇಲೆ ಕೊನೆಯ ಪ್ರಶ್ನೆ ಉಳಿಯುತ್ತದೆ. ಬಿಲ್ಲೆ ಬಂದಿತೆಂದು ನಿಶ್ಚಿಂತೆಯಿಂದಿರಬಹುದೆ? ಕೂಡದು. ತಟ್ಟೆ ಸಾಯುವ ಮುನ್ನ ಅನೇಕ ವೇಳೆ ಸದ್ದು ಮಾಡಿ ಎಚ್ಚರಿಸುತ್ತದೆ. ಫ್ಲ್ಯಾಷಿಗೆ ಸದ್ದಿಲ್ಲ, ಅದರ ನಿಯಂತ್ರಕ ಕೆಟ್ಟರೆ ಒಂದು ಬೆಳಿಗ್ಗೆ ಅದು ಸುಮ್ಮನೆ ಇಲ್ಲವಾಗುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಯಾವ ಬರಹ ಯಾವ ಬ್ಲಾಕಿನಲ್ಲಿದೆ ಎಂಬ ಅದರ ಒಳಪಟ್ಟಿಯೇ ಕಲಸಿಹೋಗಬಹುದು. ಅಲ್ಲದೆ ವಿದ್ಯುತ್ತಿಲ್ಲದೆ ಬೀರುವಿನಲ್ಲಿಟ್ಟರೆ ಸೆರೆಯಾದ ಎಲೆಕ್ಟ್ರಾನುಗಳು ಮೆಲ್ಲಮೆಲ್ಲನೆ ಸೋರುತ್ತವೆ. ಸೆಕೆ ಹೆಚ್ಚಿದಷ್ಟೂ ಬೇಗ. ಸಾಮಾನ್ಯ ಎಸ್.ಎಸ್.ಡಿ.ಗೆ ಉದ್ಯಮವು ಒಪ್ಪಿಕೊಂಡಿರುವ ಮಾನವೇ ಇಷ್ಟು: ಪೂರ್ತಿ ಸವೆದ ಮೇಲೂ 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಬರಹ ಉಳಿಯಬೇಕು. ಹೊಸದು ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಆದರೂ ಅದು ದಿನದಿನದ ಕೆಲಸದ ಸಾಧನವೇ ಹೊರತು ಭಂಡಾರವಲ್ಲ.

ಭಂಡಾರದ ಪಾಠವನ್ನು ನಮ್ಮ ನಾಲ್ಕು ತಾಲ್ಲೂಕುಗಳೇ ಹೇಳುತ್ತವೆ. ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲು, ಪಾಂಡವಪುರದ ತೊಣ್ಣೂರು, ನಾಗಮಂಗಲ, ಶ್ರೀರಂಗಪಟ್ಟಣ, ಎಲ್ಲಿ ನೋಡಿದರೂ ಕಲ್ಲಿನ ಮೇಲೆ ಬರಹವಿದೆ. ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ತಾಳೆಗರಿಯ ಗ್ರಂಥಗಳಿವೆ. ಕಲ್ಲು ಶಾಶ್ವತವೆಂಬ ಮಾತಿದ್ದರೂ ಶಾಸನದ ಕಲ್ಲುಗಳು ಒಡೆದುಹೋಗುವುದುಂಟು, ಬಟ್ಟೆ ಒಗೆಯುವ ಬಂಡೆಗಳಾಗುವುದುಂಟು. ಆದರೂ ಅವುಗಳ ಮಾತು ಉಳಿದಿರುವುದು ವಿದ್ವಾಂಸರು ಊರೂರು ಸುತ್ತಿ ಪ್ರತಿ ತೆಗೆದುಕೊಂಡಿದ್ದರಿಂದ. ಮೈಸೂರು ವಿಶ್ವವಿದ್ಯಾನಿಲಯ 1977ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಪರಿಷ್ಕೃತ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳೂ, 1979ರ ಏಳನೆಯ ಸಂಪುಟದಲ್ಲಿ ನಾಗಮಂಗಲದವೂ ಅಚ್ಚಾಗಿವೆ. ತಾಳೆಗರಿಯೂ ಅಷ್ಟೆ, ಹಳೆಯ ಗರಿ ಶಿಥಿಲವಾಗುವ ಮುನ್ನ ಲಿಪಿಕಾರರು ಹೊಸ ಗರಿಯ ಮೇಲೆ ಪ್ರತಿ ಮಾಡುತ್ತ ಬಂದುದರಿಂದ ಗ್ರಂಥ ಉಳಿಯಿತು. ಉಳಿಸಿದ್ದು ವಸ್ತುವಿನ ಗಟ್ಟಿತನವಲ್ಲ, ಪ್ರತಿ ಮಾಡುವ ಅಭ್ಯಾಸ.

ಆದುದರಿಂದ ನಾವು ಮಾಡಿಕೊಂಡ ಏರ್ಪಾಡು ಹೀಗಿದೆ. ಮೇಜಿನ ಕಂಪ್ಯೂಟರಿಗೆ ಸಾಟಾ ಎಸ್.ಎಸ್.ಡಿ. ಬಂದಿದೆ, ಆಲೆಮನೆಯ ಪುಟ್ಟ ಯಂತ್ರಕ್ಕೆ ಹೆಚ್ಚು ಬಾಳಿಕೆಯ ಕಾರ್ಡು. ಇನ್ನೊಂದು ಕಂಪ್ಯೂಟರಿನಿಂದ ಬಿಚ್ಚಿದ, ಇನ್ನೂ ಆರೋಗ್ಯವಾಗಿರುವ ಹಾರ್ಡ್ ಡಿಸ್ಕನ್ನು ಎಸೆಯದೆ ಹೊರಪೆಟ್ಟಿಗೆಯೊಂದರಲ್ಲಿ ಹಾಕಿಟ್ಟಿದ್ದೇವೆ. ಶನಿವಾರ ಶನಿವಾರ ಎಲ್ಲರ ಲೆಕ್ಕವೂ ಅದಕ್ಕೆ ಪ್ರತಿಯಾಗುತ್ತದೆ. ಉಳಿದ ದಿನಗಳಲ್ಲಿ ಅದು ಬೀರುವಿನಲ್ಲಿ ಅಲುಗಾಡದೆ ಮಲಗಿರುತ್ತದೆ. ತಟ್ಟೆಗೆ ಓಡಾಟ ಒಗ್ಗದು, ವಿಶ್ರಾಂತಿ ಒಗ್ಗುತ್ತದೆ. ಬಿಲ್ಲೆಗೆ ಓಡಾಟ ಒಗ್ಗುತ್ತದೆ, ದೀರ್ಘ ವಿಶ್ರಾಂತಿ ಒಗ್ಗದು. ಇಬ್ಬರಿಗೂ ತಕ್ಕ ಕೆಲಸ ದೊರೆತಂತಾಯಿತು.

ಕಬ್ಬಿನ ಅರೆತ ಮುಗಿಯಲು ಇನ್ನೂ ಕೆಲವು ವಾರಗಳಿದ್ದುವು. ಹುಡುಗಿ ಮತ್ತೆ ಆಲೆಮನೆಗೆ ಹೋದಳು. ಮೂರು ತಿಂಗಳ ಅಂಕಿಗಳಿಗೆ ಬದಲಾಗಿ ಅವಳಿಗೆ ದೊರೆತದ್ದು ಹನ್ನೊಂದು ಅಡುಗೆಗಳ ಅಂಕಿಗಳು ಮಾತ್ರ. ನಕ್ಷೆ ಬರೆಯಲು ಅಷ್ಟು ಸಾಕಾಯಿತು. ಕೆಟ್ಟ ಡಿಸ್ಕನ್ನು ನಾವು ಬಿಚ್ಚಿ ಪ್ರಯೋಗಶಾಲೆಯ ಗಾಜಿನ ಬೀರುವಿನಲ್ಲಿಟ್ಟಿದ್ದೇವೆ. ಅದರ ತಟ್ಟೆ ಕನ್ನಡಿಯಂತೆ ಹೊಳೆಯುತ್ತದೆ. ಬಗ್ಗಿ ನೋಡಿದರೆ ಮುಖ ಕಾಣುತ್ತದೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಅದನ್ನು ತೋರಿಸಿ ನಾವು ಕೇಳುವುದು ಒಂದೇ ಮಾತು: “ನಿಮ್ಮ ಲೆಕ್ಕದ ಎರಡನೆಯ ಪ್ರತಿ ಎಲ್ಲಿದೆ?”